ಸ್ವಂತ ದುಡಿಮೆಯವರ ನಿವೃತ್ತಿ ಖಾತೆ: ಹಣ ಹಾಕುವುದು ಹೇಗೆ?

ಅಮೆರಿಕಕ್ಕೆ ಬಂದ ಮೊದಲ ವರ್ಷ ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಶಾಲೆ ಎನ್ನುವುದರಲ್ಲೇ ಕಳೆದುಹೋಗುತ್ತದೆ. ನೌಕರಿಯಲ್ಲಿರುವವರಿಗೆ ಹೆಚ್ಚಾಗಿ ಕಂಪನಿಯೇ 401ಕೆ ಎಂಬ ನಿವೃತ್ತಿ ಉಳಿತಾಯದ ಖಾತೆ ತೆರೆದುಕೊಡುತ್ತದೆ. ಮನೆಯಲ್ಲಿ ಭರತನಾಟ್ಯ ಕಲಿಸುವವರಿಗೆ, ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವವರಿಗೆ ಹಾಗೆ ಮಾಡಿಕೊಡುವವರು ಯಾರೂ ಇಲ್ಲ. ಈ ಪುಟ ಅವರಿಗಾಗಿ.

ಮೊದಲು ವೀಸಾ ನೋಡಿಕೊಳ್ಳಿ. ಎಚ್-1ಬಿಯಲ್ಲಿರುವವರು ಕಂಪನಿಯ ಕೆಲಸದ ಜೊತೆಗೆ ಸ್ವಂತ ದುಡಿಮೆ ಇಟ್ಟುಕೊಳ್ಳುವಂತಿಲ್ಲ. ಎಚ್-4ರಲ್ಲಿದ್ದು ಕೆಲಸದ ಪರವಾನಗಿ ಪಡೆದವರು ಮತ್ತು ಗ್ರೀನ್ ಕಾರ್ಡ್ ಉಳ್ಳವರು ಮಾಡಬಹುದು.

ಇಂಥವರಿಗೆ ನಾನು ಮೊದಲು ಹೇಳುವುದು ಸೋಲೋ 401ಕೆ, ಅಂದರೆ ಸ್ವಂತ ದುಡಿಮೆಯವರು ತಾವೇ ತೆರೆದುಕೊಳ್ಳುವ 401ಕೆ. ನೀವು ಮತ್ತು ನಿಮ್ಮ ಪತಿ ಅಥವಾ ಪತ್ನಿಯನ್ನು ಬಿಟ್ಟು ಬೇರೆ ಪೂರ್ಣಾವಧಿ ನೌಕರರು ಇರಬಾರದು. ಹಣ ಎಲ್ಲಿ ತೊಡಗಿಸಬೇಕೆಂದು ನೀವೇ ನಿರ್ಧರಿಸುವ ಸ್ವನಿರ್ದೇಶಿತ ಮಾದರಿಯದಾದರೆ ಷೇರುಗಳಷ್ಟೇ ಅಲ್ಲ, ಮನೆ, ನಿವೇಶನವನ್ನೂ ಖಾತೆಯ ಹೆಸರಿನಲ್ಲಿ ಕೊಳ್ಳಬಹುದು. ಇದರಲ್ಲಿ ನಿಮ್ಮ ಸ್ಥಾನ ದೇವಸ್ಥಾನದ ಮೊಕ್ತೇಸರರದು. ಬೀಗದ ಕೈ ನಿಮ್ಮ ಬಳಿಯೇ ಇರುತ್ತದೆ, ಆದರೆ ಹುಂಡಿಯ ಹಣ ನಿಮ್ಮ ಮನೆ ಖರ್ಚಿಗಲ್ಲ.

ಎಷ್ಟು ಹಾಕಬಹುದು ಎನ್ನುವುದು ನಿಮ್ಮ ದುಡಿಮೆಯ ನಿವ್ವಳ ಲಾಭದ ಮೇಲೆ ನಿಂತಿದೆ. ಗಂಡನ ಸಂಬಳವಾಗಲಿ ಬೆಂಗಳೂರಿನ ಮನೆಯ ಬಾಡಿಗೆಯಾಗಲಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೃತ್ಯ ತರಗತಿಯಿಂದ ಖರ್ಚು ಕಳೆದು 40,000 ಡಾಲರ್ ಉಳಿಯಿತು ಎನ್ನಿ. ಅದರ ಮೇಲಿನ ಸ್ವಉದ್ಯೋಗ ತೆರಿಗೆ (ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್‌ಗೆ ಸ್ವಂತ ದುಡಿಮೆಯವರು ಕಟ್ಟುವುದು) ಸುಮಾರು 5,652 ಡಾಲರ್. ಅದರಲ್ಲಿ ಅರ್ಧವನ್ನು ಲಾಭದಿಂದ ಕಳೆದರೆ 37,174. ಇದರ ಶೇಕಡ 20, ಅಂದರೆ ಸುಮಾರು 7,435 ಡಾಲರನ್ನು ಮಾಲೀಕರಾಗಿ ಹಾಕಬಹುದು. ನೌಕರರೂ ನೀವೇ ಆದ್ದರಿಂದ 2025ರ ಮಿತಿಯಂತೆ ಇನ್ನೂ 23,500 ಡಾಲರ್ ಸೇರಿಸಬಹುದು. ಎರಡೂ ಸೇರಿ 30,935. ಬೇರೆ ಕಡೆ ನೌಕರಿ ಮಾಡಿ ಅಲ್ಲಿಯ 401ಕೆಗೂ ಹಾಕುತ್ತಿದ್ದರೆ 23,500ರ ಮಿತಿ ಎರಡಕ್ಕೂ ಸೇರಿ ಒಂದೇ. 2026ಕ್ಕೆ ಅದು 24,500 ಆಗಿದೆ. ಅಷ್ಟನ್ನೂ ಹಾಕಲೇಬೇಕೆಂದಿಲ್ಲ, ಕೈ ಬಿಗಿಯಿದ್ದ ವರ್ಷ ಸುಮ್ಮನಿದ್ದರೂ ಆದೀತು.

ಹಣ ಬರುವ ಇನ್ನೊಂದು ದಾರಿ ಹಳೆಯ ನೌಕರಿಯ 401ಕೆ. ಇಲ್ಲಿ ನಾನೇ ಎಡವಿದ್ದೇನೆ. ಕೆಲಸ ಬಿಟ್ಟ ಮೇಲೆ ಹಣ ವರ್ಗಾಯಿಸಲು ಫೋನ್ ಮಾಡಿದಾಗ, ಆ ಕಡೆಯವರು ಕೇಳಿದ್ದು ಸರಿಯಾಗಿ ತಿಳಿಯದೆ ಎಲ್ಲಕ್ಕೂ ಹೂಂ ಎಂದೆ. ವಾರದ ಮೇಲೆ ಬಂದ ಚೆಕ್ಕಿನಲ್ಲಿ ನನ್ನ ಹೆಸರೇ ಇತ್ತು; ಖಾತೆಯಲ್ಲಿದ್ದದ್ದು 30,000, ಚೆಕ್ಕಿನಲ್ಲಿ 24,000. ಶೇಕಡ 20 ತೆರಿಗೆಗೆಂದು ಮುರಿದುಕೊಂಡಿದ್ದರು. ದಂಡವೂ ತೆರಿಗೆಯೂ ಬೀಳಬಾರದೆಂದರೆ ಆ 6,000 ಡಾಲರನ್ನು ಕೈಯಿಂದ ತುಂಬಿ, 60 ದಿನದೊಳಗೆ ಪೂರಾ 30,000 ಹೊಸ ಖಾತೆಗೆ ಸೇರಿಸಬೇಕಿತ್ತು. ಊರಿಗೆ ಹೋಗಲು ಕೂಡಿಟ್ಟ ಟಿಕೆಟ್ ಹಣ ಅದಕ್ಕೇ ಹೋಯಿತು. ಮುರಿದುಕೊಂಡದ್ದು ಕೈಸೇರಿದ್ದು ಮರುವರ್ಷ ರಿಟರ್ನ್ ಸಲ್ಲಿಸಿದ ಮೇಲೆ. ನೀವು ಫೋನಿನಲ್ಲಿ ಕೇಳಬೇಕಾದದ್ದು ಒಂದೇ: ನೇರ ವರ್ಗಾವಣೆ ಆಗಬೇಕು, ಚೆಕ್ ಹೊಸ ಖಾತೆಯ ಹೆಸರಿಗೇ ಬರಬೇಕು.

ಖಾತೆಯ ಹಣದಲ್ಲಿ ಮನೆ ಕೊಂಡರೆ ಅದರಲ್ಲಿ ನೀವಾಗಲಿ, ತಂದೆತಾಯಿಯಾಗಲಿ, ಮಕ್ಕಳು, ಸೊಸೆ, ಅಳಿಯಂದಿರಾಗಲಿ ಬಾಡಿಗೆ ಕೊಟ್ಟು ಕೂಡ ವಾಸಿಸುವಂತಿಲ್ಲ. ಅಣ್ಣತಮ್ಮಂದಿರು ಈ ಪಟ್ಟಿಯಲ್ಲಿ ಇಲ್ಲದಿರುವುದು ನಮಗೆ ವಿಚಿತ್ರವೇ. ನಲ್ಲಿ ರಿಪೇರಿಯ ದುಡ್ಡೂ ಖಾತೆಯಿಂದಲೇ ಹೋಗಬೇಕು, ಬಾಡಿಗೆಯೂ ಖಾತೆಗೇ ಬರಬೇಕು. ಚಿನ್ನದ ಒಡವೆ ಕೊಳ್ಳಬಹುದೇ ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ಇಲ್ಲ.

ವರ್ಷದ ಕೊನೆಗೆ ಖಾತೆ 2,50,000 ಡಾಲರ್ ದಾಟಿದರೆ ಮರುವರ್ಷ ಜುಲೈ 31ರೊಳಗೆ ಖಾತೆಯ ವಾರ್ಷಿಕ ವಿವರ ಕೊಡುವ 5500-ಇಜೆಡ್ ನಮೂನೆಯನ್ನು ತೆರಿಗೆ ಇಲಾಖೆಗೆ ಸಲ್ಲಿಸಬೇಕು. ಮರೆತರೆ ದಿನಕ್ಕೆ 250 ಡಾಲರ್ ದಂಡ.

ಮಾಲೀಕರ ಪಾಲನ್ನು ತೆರಿಗೆ ರಿಟರ್ನ್ ಸಲ್ಲಿಸುವ ಗಡುವಿನವರೆಗೂ ಹಾಕಬಹುದು. ಆದರೆ ಖಾತೆ ತೆರೆಯುವ ಕಾಗದಕ್ಕೆ ಡಿಸೆಂಬರ್ 31ರೊಳಗೆ ಸಹಿ ಬಿದ್ದಿದ್ದರೆ ಕ್ಷೇಮ. ಕ್ರಿಸ್‌ಮಸ್ ವಾರದಲ್ಲಿ ಫೋನ್ ಎತ್ತುವವರೂ ಇರುವುದಿಲ್ಲ, ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರವೇ ಅರ್ಜಿ ಹಾಕಿಬಿಡಿ.