ರಾಜನೊಬ್ಬ, ಸಿಪಾಯಿಯೊಬ್ಬ ಉಳಿದಾಗ

ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇರುವ ಭಾನುವಾರ ಮುಂಬೈ ಪಕ್ಕದ ಡೊಂಬಿವಲಿ ಬಿಟ್ಟು ಹೊರಡುವ ಧೈರ್ಯ ನನಗಿಲ್ಲ. ಅಂಥದ್ದೊಂದು ಮಧ್ಯಾಹ್ನ ಅಕ್ಕನ ಮಗ ಚೆಸ್ ಬೋರ್ಡು ಹಿಡಿದು ಬಂದ. ಒಂಬತ್ತು ವರ್ಷದ ಹುಡುಗ. ಮುಕ್ಕಾಲು ಗಂಟೆಯಲ್ಲಿ ನನ್ನ ಕಾಯಿಗಳನ್ನೆಲ್ಲ ಹೊಡೆದು ಪಕ್ಕಕ್ಕಿಟ್ಟ. ನನಗೆ ಉಳಿದದ್ದು ಮೂಲೆಯ ಎಚ್8ರಲ್ಲಿ ನಿಂತ ರಾಜನೊಬ್ಬನೇ. ಅವನು ಮಂತ್ರಿಯನ್ನು ಎತ್ತಿ ಜಿ6ರಲ್ಲಿ ಟಪ್ ಎಂದು ಕುಟ್ಟಿ, "ಈಗ ಎಲ್ಲಿಗೆ ಹೋಗ್ತೀಯ ಮಾಮ?" ಅಂದ. ಎಲ್ಲಿಗೂ ಹೋಗುವಂತಿರಲಿಲ್ಲ. ನನ್ನ ರಾಜನಿಗೆ ಚೆಕ್ಕೂ (ನೇರ ಹೊಡೆತದ ಬೆದರಿಕೆ) ಇರಲಿಲ್ಲ. ಅಂದರೆ ಸ್ಟೇಲ್‌ಮೇಟ್, ಆಟ ಡ್ರಾ. ಅದನ್ನು ಹೇಳಿದ್ದಕ್ಕೆ ಆ ದಿನ ಅವನು ಚಹಾ-ಖಾರಿ ಕೂಡ ಮುಟ್ಟಲಿಲ್ಲ.

2025ರಲ್ಲಿ ಗೋವಾದಲ್ಲಿ ಚೆಸ್ ವಿಶ್ವಕಪ್ ನಡೆದ ಮೇಲೆ ನಮ್ಮ ಬಿಲ್ಡಿಂಗಿನ ಮಕ್ಕಳ ಬಾಯಲ್ಲಿ ಸಿಸಿಲಿಯನ್, ಇಟಾಲಿಯನ್ ಎಂಬ ಆರಂಭದ ಹೆಸರುಗಳೇ. ಗೆದ್ದ ಆಟವನ್ನು ಮುಗಿಸಲು ಮಾತ್ರ ಬರುವುದಿಲ್ಲ. ಆದ್ದರಿಂದ ನಿಯಮಗಳನ್ನು ಬೇಗ ಮುಗಿಸಿ ಕೊನೆಯಾಟಕ್ಕೆ ಹೋಗೋಣ.

ಮೊದಲು ಹೆಸರಿನ ತಕರಾರು. ಮನೆಯಲ್ಲಿ ನಾವು ಮಂತ್ರಿ, ಆನೆ, ಒಂಟೆ, ಕುದುರೆ ಅಂದರೆ ಮಕ್ಕಳು ಕೆಳಗಿನ ಅಂಗಳದಲ್ಲಿ ಮರಾಠಿಯಲ್ಲಿ ವಜೀರ್, ಹತ್ತಿ, ಊಂಟ್, ಘೋಡಾ ಎಂದು ಕಲಿತಿರುತ್ತಾರೆ. ಯಾವುದಾದರೂ ಸರಿ, ಒಂದು ಮನೆಯಲ್ಲಿ ಒಂದೇ ಇರಲಿ. ಬೋರ್ಡು ಇಡುವಾಗ ನಿಮ್ಮ ಬಲಗೈ ಮೂಲೆಗೆ ಬಿಳಿ ಮನೆ ಬರಬೇಕು. ಮೂಲೆಯಿಂದ ಆನೆ, ಕುದುರೆ, ಒಂಟೆ. ನಡುವೆ ಮಂತ್ರಿ ಮತ್ತು ರಾಜ. ಬಿಳಿ ಮಂತ್ರಿ ಬಿಳಿ ಮನೆಯಲ್ಲಿ, ಕಪ್ಪು ಮಂತ್ರಿ ಕಪ್ಪು ಮನೆಯಲ್ಲಿ. ಎಡದಿಂದ ಬಲಕ್ಕೆ ಎ ಇಂದ ಎಚ್, ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8. ಹೀಗೆ ಪ್ರತಿ ಮನೆಗೂ ಒಂದು ವಿಳಾಸ.

ಆನೆ ನೇರ, ಒಂಟೆ ಓರೆ, ಮಂತ್ರಿ ಎರಡೂ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ, ನಡುವೆ ಯಾರಿದ್ದರೂ ಹಾರಿಕೊಂಡು. ರಾಜ ಯಾವ ದಿಕ್ಕಿಗಾದರೂ ಒಂದೇ ಮನೆ. ಸಿಪಾಯಿ ಮುಂದಕ್ಕೆ ಒಂದು ಮನೆ, ಮೊದಲ ಸಲ ಬೇಕಾದರೆ ಎರಡು. ಹೊಡೆಯುವುದು ಮಾತ್ರ ಓರೆಯಾಗಿ.

ಜಗಳ ಹುಟ್ಟುವುದು ಇನ್ನೆರಡು ಕಡೆ. ಒಂದು ಕ್ಯಾಸ್ಲಿಂಗ್. ರಾಜ ಆನೆಯ ಕಡೆಗೆ ಎರಡು ಮನೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಆಚೆ ಪಕ್ಕದಲ್ಲಿ ನಿಲ್ಲುತ್ತದೆ. ಇಬ್ಬರೂ ಅಲ್ಲಿಯವರೆಗೆ ಕದಲಿರಬಾರದು, ನಡುವೆ ಕಾಯಿ ಇರಬಾರದು, ರಾಜನಿಗೆ ಚೆಕ್ ಇರಬಾರದು, ಅವನು ದಾಟುವ ಮನೆಗಾಗಲಿ ಸೇರುವ ಮನೆಗಾಗಲಿ ಎದುರಾಳಿಯ ಹೊಡೆತ ಇರಬಾರದು. ಟೂರ್ನಿಯಲ್ಲಾದರೆ ಮೊದಲು ರಾಜನನ್ನೇ ಮುಟ್ಟಿ. ಆನೆ ಮುಟ್ಟಿದರೆ ಆನೆಯನ್ನೇ ನಡೆಸಬೇಕಾದೀತು. ಇನ್ನೊಂದು ಆನ್ ಪಾಸಾಂ. ನಿಮ್ಮ ಸಿಪಾಯಿ ನಿಮ್ಮ ಕಡೆಯಿಂದ ಐದನೇ ಅಡ್ಡಸಾಲಿನಲ್ಲಿರುವಾಗ ಪಕ್ಕದ ಉದ್ದಸಾಲಿನ ಎದುರಾಳಿ ಸಿಪಾಯಿ ಎರಡು ಮನೆ ಜಿಗಿದು ಜೊತೆಗೆ ಬಂದು ನಿಂತರೆ, ಅದು ಒಂದೇ ಮನೆ ನಡೆದಿದೆ ಎಂಬಂತೆ ಹೊಡೆಯಬಹುದು. ಆದರೆ ಮರುನಡೆಯಲ್ಲೇ, ಆಮೇಲೆ ಇಲ್ಲ.

ನನ್ನ ಅಜ್ಜ ಇವೆರಡನ್ನೂ ಒಪ್ಪುತ್ತಿರಲಿಲ್ಲ. ಅವರದು ಊರಿನ ಚದುರಂಗ: ಸಿಪಾಯಿ ಯಾವಾಗಲೂ ಒಂದೇ ಮನೆ, ರಾಜನಿಗೆ ಒಮ್ಮೆ ಮಾತ್ರ ಕುದುರೆಯ ನಡೆ. ಇಂಥದೇ ದೇಸಿ ನಿಯಮದಲ್ಲಿ ಆಡಿ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೂ ಸೋಲಿಸಿದರು. ಆರಂಭದ ಪುಸ್ತಕವಿದ್ಯೆ ಅವರಿಗಿರಲಿಲ್ಲ. ಕೊನೆಯಾಟದಲ್ಲಿ ಮಾತ್ರ ಕೈ ಪಳಗಿತ್ತು. ಕಾಪಾಬ್ಲಾಂಕಾ ಕೂಡ ಕಲಿಯುವವರು ಕೊನೆಯಾಟದಿಂದಲೇ ಶುರುಮಾಡಬೇಕು ಎನ್ನುತ್ತಿದ್ದವರು.

ಈಗ ನಮ್ಮ ಹುಡುಗನ ತಪ್ಪನ್ನು ತಿದ್ದೋಣ. ಒಂಟಿ ರಾಜನ ಮೇಲೆ ಮಂತ್ರಿಯಿಂದ ಚೆಕ್ ಚೆಕ್ ಎಂದು ಕೂಗುತ್ತ ಹೋದರೆ ಅವನು ಬೋರ್ಡೆಲ್ಲ ಓಡಾಡುತ್ತಾನೆ, ಅಷ್ಟೇ. ಚೆಕ್ ಕೊಡದೆ, ಅವನಿಂದ ಕುದುರೆನಡೆಯಷ್ಟು ದೂರದಲ್ಲಿ ಮಂತ್ರಿಯನ್ನಿಡಿ. ಅವನು ಸರಿದತ್ತ ನೀವೂ ಅಷ್ಟೇ ಸರಿಯಿರಿ. ತಾನಾಗಿ ಅಂಚಿಗೆ ಹೋಗುತ್ತಾನೆ. ಅಂಚು ಮುಟ್ಟಿದೊಡನೆ ಈ ಅನುಕರಣೆ ನಿಲ್ಲಿಸಬೇಕು. ಮೂಲೆಯಲ್ಲೂ ಮುಂದುವರಿಸಿದರೆ ಎಚ್8-ಜಿ6ರ ಕಥೆಯೇ. ಎದುರಾಳಿ ರಾಜ ಜಿ8ರಲ್ಲಿದ್ದಾಗ ಮಂತ್ರಿಯನ್ನು ಇ7ರಲ್ಲಿಟ್ಟು ಮರೆತುಬಿಡಿ. ಅವನು ಜಿ8, ಎಚ್8, ಮತ್ತೆ ಜಿ8 ಎಂದು ತೊಟ್ಟಿಲಾಡುತ್ತಿರಲಿ. ನಿಮ್ಮ ರಾಜ ಒಂದೊಂದೇ ಹೆಜ್ಜೆ ಇಟ್ಟು ಜಿ6ಕ್ಕೆ ಬರಲಿ. ಆಮೇಲೆ ಮಂತ್ರಿ ಇ8ಕ್ಕೆ: ಚೆಕ್‌ಮೇಟ್, ಚೆಕ್ಕಿನಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ, ಆಟ ಗೆದ್ದಿರಿ. ಎರಡು ಆನೆ ಇದ್ದರೆ ಇನ್ನೂ ಸುಲಭ. ಒಂದು ಆನೆ ಒಂದು ಸಾಲನ್ನು ಕಾಯುತ್ತದೆ, ಇನ್ನೊಂದು ಮುಂದಿನ ಸಾಲಿನಲ್ಲಿ ಚೆಕ್ ಕೊಡುತ್ತದೆ, ಏಣಿ ಹತ್ತಿದ ಹಾಗೆ. ರಾಜ ಹತ್ತಿರ ಬಂದರೆ ಆನೆಯನ್ನು ಅದೇ ಸಾಲಿನಲ್ಲಿ ದೂರಕ್ಕೆ ಒಯ್ಯಿರಿ.

ಇನ್ನು ನಿಜವಾದ ಪರೀಕ್ಷೆ: ರಾಜ ಮತ್ತು ಒಂದು ಸಿಪಾಯಿ, ಎದುರಿಗೆ ಒಂಟಿ ರಾಜ. ಸಿಪಾಯಿ ಎಂಟನೇ ಸಾಲು ಮುಟ್ಟಿದರೆ ಮಂತ್ರಿಯಾಗುತ್ತದೆ. ಆದ್ದರಿಂದ ಎಲ್ಲರೂ ಸಿಪಾಯಿಯನ್ನು ಓಡಿಸುತ್ತಾರೆ, ರಾಜ ಹಿಂದೆ ಉಳಿಯುತ್ತಾನೆ. ಇಲ್ಲಿ ರಾಜನೇ ಮುಂದೆ ನಡೆಯಬೇಕು.

ಬಿಳಿ ರಾಜ ಇ5, ಬಿಳಿ ಸಿಪಾಯಿ ಇ4, ಕಪ್ಪು ರಾಜ ಇ7. ಇಬ್ಬರು ರಾಜರ ನಡುವೆ ಒಂದೇ ಮನೆ. ನಮ್ಮ ಕಡೆ ಗದ್ದೆಯ ಅಂಚಿನಲ್ಲಿ ಎದುರಾಬದುರಾ ಬಂದ ಇಬ್ಬರಲ್ಲಿ ಒಬ್ಬ ದಾರಿ ಬಿಡಲೇಬೇಕಲ್ಲ, ಹಾಗೆ. ನಡೆ ಯಾರದೋ ಅವನೇ ದಾರಿ ಬಿಡುವವನು. ಇದಕ್ಕೆ ಆಪೊಸಿಷನ್ ಎಂಬ ಹೆಸರು. ಕಪ್ಪಿನ ನಡೆಯಾದರೆ, ರಾಜ ಡಿ7ಕ್ಕೆ ಹೋದೊಡನೆ ಬಿಳಿ ರಾಜ ಎಫ್6ಕ್ಕೆ ನುಗ್ಗುತ್ತಾನೆ, ಸಿಪಾಯಿಯ ದಾರಿ ತೆರೆಯಿತು, ಬಿಳಿ ಗೆದ್ದಂತೆ. ಬಿಳಿಯ ನಡೆಯಾದರೆ ಡ್ರಾ. ರಾಜ ಡಿ5, ಕಪ್ಪು ಡಿ7, ಸಿಪಾಯಿ ಇ5, ಕಪ್ಪು ಇ7, ಸಿಪಾಯಿ ಇ6. ಕಪ್ಪು ಆಡುವವನು ಇಲ್ಲಿ ಉಸಿರು ಬಿಗಿಹಿಡಿಯಬೇಕು. ಹಿಂದೆ ಸರಿಯಬೇಕಾದದ್ದು ನೇರ ಇ8ಕ್ಕೆ. ಡಿ8ಕ್ಕೋ ಎಫ್8ಕ್ಕೋ ಹೋದರೆ ಸೋಲು. ಇ8ರಲ್ಲಿ ನಿಂತರೆ, ಬಿಳಿ ರಾಜ ಡಿ6, ಕಪ್ಪು ಡಿ8; ಸಿಪಾಯಿ ಇ7 ಚೆಕ್, ಕಪ್ಪು ಇ8. ಈಗ ಬಿಳಿ ರಾಜ ಇ6ಕ್ಕೆ ಬಂದು ಸಿಪಾಯಿಯನ್ನು ಕಾದರೆ ಸ್ಟೇಲ್‌ಮೇಟ್, ಬಿಟ್ಟರೆ ಸಿಪಾಯಿ ಹೋಯಿತು.

ಅಂಚಿನ ಸಿಪಾಯಿ, ಅಂದರೆ ಎ ಅಥವಾ ಎಚ್ ಸಾಲಿನದು, ಬೇರೆ ಜಾತಿ. ಅದರ ಮುಂದಿನ ಮೂಲೆಗೆ ಎದುರಾಳಿ ರಾಜ ಸೇರಿಕೊಂಡರೆ ಗೆಲುವಿಲ್ಲ. ಜೊತೆಗೊಂದು ಒಂಟೆ ಇದ್ದರೂ, ಆ ಮೂಲೆಯ ಬಣ್ಣದ ಮನೆಗಳಲ್ಲಿ ಓಡುವ ಒಂಟೆ ಅಲ್ಲದಿದ್ದರೆ ಡ್ರಾ. ಇದು ಗೊತ್ತಿದ್ದೇ ನಾನು ಎಷ್ಟೋ ಸಲ ಸೋತ ಆಟದಿಂದ ಪಾರಾಗಿದ್ದೇನೆ.

ಸಿಪಾಯಿ ಒಂಟಿಯಾಗಿ ಓಡಿದರೆ ಎದುರಾಳಿ ರಾಜ ಹಿಡಿಯುತ್ತಾನೋ ಇಲ್ಲವೋ ಎಂದು ಬೆರಳೆಣಿಸಬೇಕಿಲ್ಲ. ಸಿಪಾಯಿ ಎ4ರಲ್ಲಿದ್ದರೆ ಎ4, ಎ8, ಇ8, ಇ4 ಮೂಲೆಗಳ ಚೌಕ ಕಲ್ಪಿಸಿಕೊಳ್ಳಿ. ತನ್ನ ನಡೆಯಲ್ಲಿ ರಾಜ ಅದರೊಳಗೆ ಕಾಲಿಟ್ಟರೆ, ನಡುವೆ ಅಡ್ಡಿಯಿಲ್ಲದಿದ್ದರೆ, ಹಿಡಿಯುತ್ತಾನೆ. ಎರಡನೇ ಸಾಲಿನಲ್ಲೇ ಇರುವ ಸಿಪಾಯಿಯನ್ನು ಮೂರನೇ ಸಾಲಿನಲ್ಲಿದೆ ಎಂದೇ ಲೆಕ್ಕ ಹಾಕಿ.

ಅಭ್ಯಾಸಕ್ಕೆ ಫೋನಿನಲ್ಲಿ ಈ ಮೂರೋ ನಾಲ್ಕೋ ಕಾಯಿ ಜೋಡಿಸಿ ಯಂತ್ರದ ಎದುರು ಆಡಿ. ಹೊಡೆತವೂ ಇಲ್ಲದೆ, ಸಿಪಾಯಿಯೂ ಕದಲದೆ ಇಬ್ಬರದೂ 50 ನಡೆ ಕಳೆದರೆ ಎದುರಾಳಿ ಡ್ರಾ ಕೇಳಬಹುದು; ಮಂತ್ರಿಯ ಮೇಟ್‌ಗೆ ಹತ್ತೇ ನಡೆ ಸಾಕು. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಸೀಟು ಸಿಗದಿದ್ದರೂ ತೊಂದರೆಯಿಲ್ಲ, ಒಂದು ಕೈ ಹಿಡಿಕೆಗೆ, ಇನ್ನೊಂದರ ಹೆಬ್ಬೆರಳು ರಾಜನಿಗೆ.