ಮಲೆನಾಡಿನ ಮನೆಯಿಂದ ಇಂಟರ್ನೆಟ್ ಬ್ಯಾಕ್‌ಬೋನ್ ಅಳೆಯುವ ಕ್ರಮ

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಇಂಟರ್ನೆಟ್ ಕೈಕೊಟ್ಟರೆ ಎಲ್ಲೋ ಲೈನ್ ಮೇಲೆ ಮರ ಬಿದ್ದಿದೆ ಎಂದೇ ಎಲ್ಲರೂ ಭಾವಿಸುತ್ತಾರೆ. ಹಲವು ಸಲ ಅದು ನಿಜವೂ ಹೌದು. ಆದರೆ ತೊಂದರೆ ಮನೆಯ ವೈಫೈನಲ್ಲಿರಬಹುದು, ಊರಿನ ಫೈಬರ್‌ನಲ್ಲಿರಬಹುದು, ಇಲ್ಲವೇ ಬೆಂಗಳೂರಿನಿಂದ ಮುಂಬೈ, ಚೆನ್ನೈಗಳತ್ತ ಹಾಗೂ ಅಲ್ಲಿಂದ ಸಮುದ್ರದಡಿಯ ಕೇಬಲ್‌ಗಳ ಮೂಲಕ ಹೊರದೇಶಗಳಿಗೆ ಹೋಗುವ ಮುಖ್ಯ ಜಾಲವಾದ ಬ್ಯಾಕ್‌ಬೋನ್‌ನಲ್ಲಿರಬಹುದು. ಈ ಮೂರನ್ನೂ ಬೇರ್ಪಡಿಸಿ ನೋಡಲು ಸ್ಪೀಡ್ ಟೆಸ್ಟ್ ನೆರವಾಗದು. ಅದು ಸಾಮಾನ್ಯವಾಗಿ ಸಮೀಪದ ಸರ್ವರ್ ಒಂದನ್ನು ಆರಿಸಿಕೊಂಡು ಅಲ್ಲಿಯವರೆಗಿನ ವೇಗವನ್ನಷ್ಟೇ ಹೇಳುತ್ತದೆ.

ಮೊದಲು ಕಂಪ್ಯೂಟರನ್ನು ಕೇಬಲ್ ಮೂಲಕವೇ ರೂಟರಿಗೆ ಜೋಡಿಸಿ, ರೂಟರಿಗೆ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳುಹಿಸಿ ಉತ್ತರ ಬರಲು ಹಿಡಿಯುವ ಸಮಯ ನೋಡಿ. ಇಲ್ಲಿಯೇ ಏರಿಳಿತ ಕಂಡರೆ ಮುಂದಿನ ಅಳತೆಗಳಿಗೆ ಅರ್ಥವಿಲ್ಲ.

ಬಳಿಕ ಒಂದು ದಾರಿಗೆ ಕನಿಷ್ಠ ಎಷ್ಟು ಸಮಯ ಬೇಕೆಂಬ ಲೆಕ್ಕ ನಿಮ್ಮಲ್ಲಿರಬೇಕು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, ಅಂದರೆ ಪ್ರತಿ 100 ಕಿ.ಮೀ. ದೂರಕ್ಕೆ ಹೋಗಿಬರಲು 1 ಮಿಲಿಸೆಕೆಂಡ್. ಶಿವಮೊಗ್ಗದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 300 ಕಿ.ಮೀ. ಇರುವುದರಿಂದ 3 ಮಿಲಿಸೆಕೆಂಡ್, ಚೆನ್ನೈ–ಸಿಂಗಪುರದ ನೇರ ದೂರಕ್ಕೇ ಸುಮಾರು 29 ಮಿಲಿಸೆಕೆಂಡ್ ಬೇಕು. ಕೇಬಲ್ ಬಳಸುದಾರಿಯಲ್ಲಿ ಸಾಗುವುದರಿಂದ ನಿಜದ ಅಂಕಿ ಹೆಚ್ಚೇ ಇರುತ್ತದೆ. ಆದರೆ ಬೆಂಗಳೂರಿನಲ್ಲೇ ಇರುವ ಸರ್ವರಿಗೆ ಸದಾ 80 ಮಿಲಿಸೆಕೆಂಡ್ ಹಿಡಿಯುತ್ತಿದ್ದರೆ ದಟ್ಟಣೆಗಿಂತ ಮೊದಲು ದಾರಿಯನ್ನೇ ಅನುಮಾನಿಸಬೇಕು, ಏಕೆಂದರೆ ಪ್ಯಾಕೆಟ್‌ಗಳು (ದತ್ತಾಂಶದ ತುಣುಕುಗಳು) ಹೊರದೇಶಕ್ಕೆ ಹೋಗಿ ಮರಳುತ್ತಿರುವ ಸಾಧ್ಯತೆಯಿದೆ.

ದಾರಿ ನೋಡಲು ಎಂಟಿಆರ್ ಎಂಬ ಉಚಿತ ತಂತ್ರಾಂಶ ಸಾಕು. ಪ್ರತಿ ಪ್ಯಾಕೆಟ್‌ನಲ್ಲಿ ಟಿಟಿಎಲ್ ಎಂಬ ಸಂಖ್ಯೆಯಿದ್ದು, ಒಂದೊಂದು ರೂಟರ್ ದಾಟಿದಾಗಲೂ ಅದು ಒಂದು ಕಡಿಮೆಯಾಗುತ್ತದೆ. ಸೊನ್ನೆಯಾದಾಗ ಆ ರೂಟರ್ ಪ್ಯಾಕೆಟನ್ನು ಮುಂದೆ ಕಳುಹಿಸದೆ ಕೈಬಿಟ್ಟು, ಕಳುಹಿಸಿದವರಿಗೆ ಸೂಚನೆ ಕೊಡುತ್ತದೆ. ಸಂಖ್ಯೆಯನ್ನು ಒಂದರಿಂದ ಏರಿಸುತ್ತ ಹೋದರೆ ದಾರಿಯ ರೂಟರ್‌ಗಳು ಸಾಲಾಗಿ ಕಾಣುತ್ತವೆ. ಅವುಗಳ ಹೆಸರಿನಲ್ಲಿ ಬಿಎಲ್‌ಆರ್, ಎಂಎಎ, ಬಿಒಎಂ ಎಂಬ ಅಕ್ಷರಗಳಿದ್ದರೆ ಅವು ಬಹುತೇಕ ಬೆಂಗಳೂರು, ಚೆನ್ನೈ, ಮುಂಬೈ ವಿಮಾನ ನಿಲ್ದಾಣಗಳ ಸಂಕೇತಗಳು.

ಈ ವರದಿಯನ್ನು ಓದುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಉದಾಹರಣೆಗೆ ಐದನೆಯ ಸಾಲಿನಲ್ಲಿ ಶೇ 60 ನಷ್ಟ (ಉತ್ತರ ಬಾರದ ಪ್ಯಾಕೆಟ್‌ಗಳ ಪ್ರಮಾಣ), ಆರನೆಯದರಿಂದ ಕೊನೆಯವರೆಗೂ ಶೇ 0 ಎಂದಿದೆ ಎನ್ನಿ. ಐದನೆಯ ರೂಟರ್ ಕೆಟ್ಟಿಲ್ಲ. ದೊಡ್ಡ ರೂಟರ್‌ಗಳು ಹಾದುಹೋಗುವ ದತ್ತಾಂಶವನ್ನು ಪ್ರತ್ಯೇಕ ಚಿಪ್‌ಗಳಲ್ಲಿ ದಾಟಿಸುತ್ತವೆ. ಸೂಚನೆ ಬರೆಯುವ ಕೆಲಸವನ್ನು ಮಾತ್ರ ಮುಖ್ಯ ಪ್ರೊಸೆಸರಿಗೆ ಬಿಟ್ಟು, ಅದಕ್ಕೆ ಮಿತಿ ಹಾಕಿರುತ್ತವೆ. ಆದ್ದರಿಂದ ಒಂದು ಸಾಲಿನಲ್ಲಿ ಶುರುವಾದ ನಷ್ಟ ಕೊನೆಯ ಸಾಲಿನವರೆಗೂ ಮುಂದುವರಿದರೆ ಮಾತ್ರ ಅದನ್ನು ನಿಜವಾದ ನಷ್ಟವೆಂದು ಎಣಿಸಿ. ವಿಳಂಬಕ್ಕೂ ಇದೇ ನಿಯಮ.

ಒಂದು ಸಲದ ಅಳತೆಯಿಂದ ಏನನ್ನೂ ತೀರ್ಮಾನಿಸಬಾರದು. ರಾಸ್ಪ್‌ಬೆರಿ ಪೈನಂತಹ ಸಣ್ಣ ಕಂಪ್ಯೂಟರಿನಲ್ಲಿ ಸ್ಮೋಕ್‌ಪಿಂಗ್ ಎಂಬ ತಂತ್ರಾಂಶ ಹಾಕಿದರೆ ಅದು ಸಹಜ ಹೊಂದಿಕೆಯಲ್ಲಿಯೇ ಪ್ರತಿ 300 ಸೆಕೆಂಡಿಗೆ 20 ಪಿಂಗ್ ಕಳುಹಿಸಿ ನಕ್ಷೆ ಬರೆಯುತ್ತದೆ. ನಮ್ಮಲ್ಲಿ ಕರೆಂಟ್ ಹೋಗುವುದು ಹೆಚ್ಚಾದ್ದರಿಂದ ಆ ಕಂಪ್ಯೂಟರನ್ನೂ ರೂಟರನ್ನೂ ಯುಪಿಎಸ್‌ಗೆ ಜೋಡಿಸಿ. ಇಲ್ಲದಿದ್ದರೆ ವಿದ್ಯುತ್ ಕಡಿತವೇ ಜಾಲದ ದೋಷವಾಗಿ ದಾಖಲಾಗುತ್ತದೆ. ಸೇವಾದಾರರ ಮೊದಲ ರೂಟರ್, ಬೆಂಗಳೂರಿನ ಒಂದು ಸರ್ವರ್, ಸಿಂಗಪುರದ ಒಂದು ಸರ್ವರ್, ಇಷ್ಟನ್ನು ಗಮನಿಸಿದರೆ ಸಾಕು. ಗೂಗಲ್‌ನ 8.8.8.8ರಂತಹ ವಿಳಾಸ ಹಲವು ಊರುಗಳಿಂದ ಉತ್ತರಿಸುವುದರಿಂದ ಅದೊಂದನ್ನೇ ನಂಬಬೇಡಿ. ಸರಾಸರಿಗಿಂತ ನಡುಬೆಲೆ ಮತ್ತು 95ನೆಯ ಶೇಕಡಾಂಕ (ನೂರರಲ್ಲಿ 95 ಅಳತೆಗಳು ಮೀರದ ಬೆಲೆ) ಹೆಚ್ಚು ಸತ್ಯ ಹೇಳುತ್ತವೆ. ದಿನವೂ ಸಂಜೆ ಏರಿ ನಡುರಾತ್ರಿ ಇಳಿಯುವ ವಿಳಂಬ ದಟ್ಟಣೆಯ ಲಕ್ಷಣ. ಒಮ್ಮೆಲೇ ಏರಿ ಅಲ್ಲೇ ನಿಲ್ಲುವುದು ದಾರಿ ಬದಲಾದುದರ ಲಕ್ಷಣ.

ಮರಳುವ ದಾರಿ ಬೇರೆಯೇ ಇರಬಹುದಾದ್ದರಿಂದ ಆ ಕಡೆಯಿಂದಲೂ ಅಳೆಯಬೇಕು. 2010ರಲ್ಲಿ ಆರಂಭವಾದ ರೈಪ್ ಅಟ್ಲಾಸ್ ಎಂಬ ಇಂಟರ್ನೆಟ್ ಅಳೆಯುವ ಯೋಜನೆಯಲ್ಲಿ ಒಂದು ಪ್ರೋಬ್ (ಅಳತೆಯ ಸಾಧನ) ನಡೆಸಿದರೆ ಕ್ರೆಡಿಟ್ ಸಿಗುತ್ತದೆ. ಅದನ್ನು ಬಳಸಿ ಬೇರೆ ದೇಶಗಳ ಪ್ರೋಬ್‌ಗಳಿಂದ ನಿಮ್ಮತ್ತ ಟ್ರೇಸ್‌ರೂಟ್ (ದಾರಿಯ ರೂಟರ್‌ಗಳನ್ನು ಸಾಲಾಗಿ ತೋರಿಸುವ ಅಳತೆ) ಮಾಡಿಸಬಹುದು. ದೂರು ಕೊಡುವಾಗ ಎರಡೂ ದಿಕ್ಕಿನ ವರದಿ, ನಿಖರ ವೇಳೆ, ಜೊತೆಗೆ ತೊಂದರೆ ಇಲ್ಲದ ದಿನದ ನಕ್ಷೆಯನ್ನೂ ಲಗತ್ತಿಸಿ.