ಸಿರೆಯ ಮೂಲಕ ಕೀಟೋಜೆನಿಕ್ ಆಹಾರ: ಐಸಿಯು ತಂಡಕ್ಕೆ ಲೆಕ್ಕ ಮತ್ತು ಎಚ್ಚರಿಕೆ

ಕೀಟೋಜೆನಿಕ್ ಆಹಾರವೆಂದರೆ ಕೊಬ್ಬು ಹೆಚ್ಚಿಸಿ, ಕಾರ್ಬೋಹೈಡ್ರೇಟ್ ತೀರಾ ಇಳಿಸಿ, ದೇಹ ಕೀಟೋನ್ ತಯಾರಿಸುವಂತೆ ಮಾಡಿ ಫಿಟ್ಸ್ ತಗ್ಗಿಸುವ ಆಹಾರ. ಯಾವ ಔಷಧಕ್ಕೂ ಬಗ್ಗದ ಫಿಟ್ಸ್ ಇದ್ದು ಕರುಳೂ ಕೆಲಸ ನಿಲ್ಲಿಸಿದಾಗ, ಇಲ್ಲವೇ ಮೊದಲೇ ಕೀಟೋ ಆಹಾರದಲ್ಲಿರುವ ಮಗುವಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದಾಗ ಅದನ್ನು ಸಿರೆಯ ಮೂಲಕ ಕೊಡಬೇಕಾಗುತ್ತದೆ. ಟ್ಯೂಬ್‌ನಲ್ಲಿ ಕೊಟ್ಟದ್ದು ಹಿಡಿಸುತ್ತಿದ್ದರೆ ಇದರ ತಂಟೆಗೆ ಹೋಗಬೇಡಿ.

ಮೊದಲು ಟ್ರೈಗ್ಲಿಸರೈಡ್, ಲೈಪೇಸ್, ಲಿವರ್ ಪರೀಕ್ಷೆ, ಬೈಕಾರ್ಬೊನೇಟ್ ನೋಡಿ. ಕೊಬ್ಬನ್ನು ಉರಿಸಲಾಗದ ಹುಟ್ಟು ದೋಷಗಳು, ಕಾರ್ನಿಟೀನ್ ಕೊರತೆ, ಪೈರುವೇಟ್ ಕಾರ್ಬಾಕ್ಸಿಲೇಸ್ ಕೊರತೆ, ಪೋರ್ಫೈರಿಯಾ, ತೀವ್ರ ಪ್ಯಾಂಕ್ರಿಯಾಟೈಟಿಸ್ ಇದ್ದರೆ ಕೊಡಕೂಡದು. ಮೊಟ್ಟೆ, ಸೋಯಾ, ಮೀನಿನ ಅಲರ್ಜಿ ಕೇಳಿ. ಪ್ರೊಪೊಫಾಲ್ (ಮಂಪರು ಔಷಧ) ಓಡುತ್ತಿದ್ದರೆ ಮೊದಲು ನಿಲ್ಲಿಸಿ. ಅದೂ 10% ಕೊಬ್ಬೇ, ಎರಡೂ ಸೇರಿದರೆ ಹೃದಯ, ಸ್ನಾಯು ಕೆಡಿಸುವ ಪ್ರೊಪೊಫಾಲ್ ಇನ್ಫ್ಯೂಷನ್ ಸಿಂಡ್ರೋಮ್‌ನ ಅಪಾಯ ಹೆಚ್ಚು.

20 ಕೆಜಿ ಮಗುವಿನ ಲೆಕ್ಕ ನೋಡೋಣ. ದಿನಕ್ಕೆ ಕೆಜಿಗೆ 3 ಗ್ರಾಂ ಕೊಬ್ಬು ಎಂದರೆ 60 ಗ್ರಾಂ: 20% ಲಿಪಿಡ್ (ಕೊಬ್ಬಿನ ದ್ರವ) 300 ಮಿಲಿ, ಗಂಟೆಗೆ 12.5 ಮಿಲಿ. ಪ್ರೊಟೀನ್ ಕೆಜಿಗೆ 1.2 ಗ್ರಾಂನಂತೆ 24 ಗ್ರಾಂ: ಗ್ಲೂಕೋಸ್ ಇಲ್ಲದ 10% ಅಮೈನೋ ಆಮ್ಲ 240 ಮಿಲಿ, ಗಂಟೆಗೆ 10 ಮಿಲಿ. ಲಿಪಿಡ್‌ನಲ್ಲಿ ಸುಮಾರು 2.5% ಗ್ಲಿಸರಾಲ್ ಇರುತ್ತದೆ, ಆ 7.5 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕಕ್ಕೆ ಸೇರಬೇಕು. ಅಲ್ಲಿಗೆ ಅನುಪಾತ (ಕೊಬ್ಬು : ಪ್ರೊಟೀನ್ ಮತ್ತು ಕಾರ್ಬೋಹೈಡ್ರೇಟ್ ಎರಡೂ ಸೇರಿ) 60:31.5, ಅಂದರೆ 1.9:1; ಶಕ್ತಿ ಸುಮಾರು 700 ಕಿಲೋಕ್ಯಾಲೊರಿ. ಬಾಯಿಂದ ಕೊಡುವ 4:1 ಇಲ್ಲಿ ಕೈಗೆಟುಕದು, ಅದರ ಬೆನ್ನುಹತ್ತಿ ಲಿಪಿಡ್ ಏರಿಸುತ್ತ ಹೋಗುವುದು ಅವಿವೇಕ. ಗುರಿ ಅನುಪಾತವಲ್ಲ, ರಕ್ತದ ಮುಖ್ಯ ಕೀಟೋನ್ ಆದ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್: ಲೀಟರ್‌ಗೆ 2–5 ಮಿಲಿಮೋಲ್.

ಲಿಪಿಡ್ ಅನ್ನು ಕೆಜಿಗೆ 1 ಗ್ರಾಂನಿಂದ ಶುರುಮಾಡಿ, ಟ್ರೈಗ್ಲಿಸರೈಡ್ ನೋಡಿಕೊಂಡು ದಿನಕ್ಕೆ ಅರ್ಧದಿಂದ 1 ಗ್ರಾಂ ಏರಿಸಿ. 24 ಗಂಟೆಯೂ ಸಮನಾಗಿ, ಸೆಂಟ್ರಲ್ ಲೈನ್‌ನಲ್ಲಿ, 1.2 ಮೈಕ್ರಾನ್ ಫಿಲ್ಟರ್ ಹಾಕಿ ಓಡಿಸಿ. ಆದರೆ ಒಂಟಿ ಲಿಪಿಡ್ ಬಾಟಲಿ 12 ಗಂಟೆಗಿಂತ ಹೆಚ್ಚು ತೂಗಾಡಬಾರದು, ಬದಲಿಸಿ. ಸಿದ್ಧ ಮೂರು ಕೋಣೆಯ ಬ್ಯಾಗ್‌ನಲ್ಲಿ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಇರುವುದರಿಂದ ಅದು ಬೇಡ. ಥಯಮಿನ್ ಸೇರಿದಂತೆ ವಿಟಮಿನ್‌ಗಳು, ಸೆಲೆನಿಯಂ, ಫಾಸ್ಫೇಟ್ ಮರೆಯಬೇಡಿ.

ಕೀಟೋನ್ ಏರದಿದ್ದರೆ ಬಹುತೇಕ ತಪ್ಪು ಆಹಾರದಲ್ಲಲ್ಲ, ಔಷಧಗಳಲ್ಲಿರುತ್ತದೆ. 5% ಡೆಕ್ಸ್‌ಟ್ರೋಸ್ 100 ಮಿಲಿಯಲ್ಲಿ ಕರಗಿಸಿದ ಔಷಧ ದಿನಕ್ಕೆ ನಾಲ್ಕು ಬಾರಿ ಹೋದರೆ 20 ಗ್ರಾಂ ಸಕ್ಕರೆ ಸೇರಿತು, ಮೇಲಿನ 1.9:1 ಕುಸಿದು 1.2:1 ಆಗುತ್ತದೆ. ಸಾಧ್ಯವಿರುವ ಎಲ್ಲ ಔಷಧವನ್ನೂ 0.9% ಸಲೈನ್‌ನಲ್ಲಿ ಕರಗಿಸಲು ಫಾರ್ಮಸಿಗೆ ಬರೆದುಕೊಡಿ. ಸಿರಪ್ ಬಂದ್. ಹಾಸಿಗೆಯ ಮೇಲೆ ‘ಡೆಕ್ಸ್‌ಟ್ರೋಸ್ ಬೇಡ’ ಎಂಬ ಫಲಕ ತೂಗುಹಾಕಿ, ರಾತ್ರಿ ಪಾಳಿಯವರಿಗಾಗಿ.

ಶುರುವಿನಲ್ಲಿ ಗ್ಲೂಕೋಸ್, ಕೀಟೋನ್ 4–6 ಗಂಟೆಗೊಮ್ಮೆ; ಟ್ರೈಗ್ಲಿಸರೈಡ್, ಎಲೆಕ್ಟ್ರೊಲೈಟ್ ದಿನವೂ. ಲಿಪಿಡ್ ಹೋಗುವ ಲೈನ್‌ನಿಂದ ರಕ್ತ ತೆಗೆಯಬೇಡಿ. ಹಾಲಿನಂತಹ ಸೀರಂನಲ್ಲಿ ಸೋಡಿಯಂ ಸುಳ್ಳಾಗಿಯೂ ಕಡಿಮೆ ತೋರಬಹುದು. ಟ್ರೈಗ್ಲಿಸರೈಡ್ ಡೆಸಿಲೀಟರ್‌ಗೆ 400 ಮಿಲಿಗ್ರಾಂ ದಾಟಿದರೆ ಲಿಪಿಡ್ ಇಳಿಸಿ ಅಥವಾ ನಿಲ್ಲಿಸಿ, ಲೈಪೇಸ್ ನೋಡಿ. ವಾಲ್ಪ್ರೊಯೇಟ್ (ಫಿಟ್ಸ್ ಔಷಧ) ಇರುವವರಲ್ಲಿ ಇದನ್ನು ಇನ್ನೂ ಬೇಗ ಮಾಡಿ. ಗ್ಲೂಕೋಸ್ ಡೆಸಿಲೀಟರ್‌ಗೆ 50 ಮಿಲಿಗ್ರಾಂಗಿಂತ ಕೆಳಗಿಳಿದರೆ 10% ಡೆಕ್ಸ್‌ಟ್ರೋಸ್ ಕೆಜಿಗೆ 2 ಮಿಲಿ ಕೊಡಿ. ಕೀಟೋನ್ ಕೆಡುತ್ತದೆಂದು ಹಿಂಜರಿಯಬೇಡಿ. ಟೊಪಿರಮೇಟ್, ಅಸೆಟಜೋಲಮೈಡ್ ಔಷಧಗಳು ಜೊತೆಗಿದ್ದರೆ ಆಮ್ಲತೆ ಏರುತ್ತದೆ, ಬೈಕಾರ್ಬೊನೇಟ್ ಬೇಕಾದೀತು.

ಕರುಳಿನ ಸದ್ದು ಮರಳಿ, ಹೊಟ್ಟೆಯುಬ್ಬರ ಇಳಿದ ಕೂಡಲೇ ಟ್ಯೂಬ್‌ನಲ್ಲಿ ಕೀಟೋ ಫಾರ್ಮುಲಾ ಆರಂಭಿಸಿ, ಅದು ಏರಿದಷ್ಟೇ ಲಿಪಿಡ್ ಇಳಿಸಿ.